ಕತ್ತಲೆಕಾನಿನ ಜಡ್ಡಿ

ಜೋಗದಿಂದ ಹೊನ್ನಾವರದತ್ತ ಘಟ್ಟವಿಳಿಯುವ ಹಾದಿಯಲ್ಲಿ, ಸಿದ್ದಾಪುರ ಸೀಮೆಗೆ ಸೇರಿದ ಕತ್ತಲೆಕಾನೆಂಬ ಅರಣ್ಯವುಂಟು. ನಡುಹಗಲಲ್ಲಿಯೂ ಬಿಸಿಲು ನೆಲ ಮುಟ್ಟಲು ಹಿಂಜರಿಯುವ ಆ ಕಾನಿನೊಳಗೆ, ವರ್ಷವಿಡೀ ಬತ್ತದ ತೊರೆಗಳ ಮಗ್ಗುಲಲ್ಲಿ, ಮೊಣಕಾಲು ಮಡಿಸಿ ಕುಳಿತವರಂತೆ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಬಾಗಿಸಿ ನಿಂತಿರುವ ಮರಗಳನ್ನು ಮೊದಲ ಸಲ ಕಂಡವನು, ಇದು ವೃಕ್ಷದ ಅವಯವವೋ ಸರ್ಪದ ಶರೀರವೋ ಎಂದು ಕ್ಷಣಕಾಲ ಶಂಕಿಸದಿರನು. ಇಂತಹ ಜವುಗುನೆಲಕ್ಕೆ ಅಲ್ಲಿ ಜಡ್ಡಿ ಎಂದು ಹೆಸರು. ಜಾಯಿಕಾಯಿಯ ಕಾಡುನಂಟನಾದ ರಾಮಪತ್ರೆಯ ಬಳಗವೇ ಅದರ ಹಳೆಯ ಒಕ್ಕಲು.

ಸದಾ ನೀರುಂಡ ಮಣ್ಣಿನಲ್ಲಿ ವಾಯುಸಂಚಾರವಿಲ್ಲದುದರಿಂದ ಬೇರು ಉಸಿರಿಗಾಗಿ ಮೇಲೇಳುತ್ತದೆ. ಬೀಜವೋ, ಒಣಗಿದರೆ ಜೀವ ಬಿಡುವಷ್ಟು ಸುಕುಮಾರ. ಸಸಿಗೂ ನೆರಳೇ ಬೇಕು. ಆದ್ದರಿಂದ ಜಡ್ಡಿಯ ಮರಕ್ಕೆ ಪಕ್ಕದ ಒಣಗುಡ್ಡವೂ ಪರದೇಶವೇ.

ಜೀವವೈವಿಧ್ಯವೆಂದೊಡನೆ ನಾವು ಪ್ರಭೇದಗಳನ್ನು ಎಣಿಸಿ ತೃಪ್ತರಾಗುತ್ತೇವೆ. ಆದರೆ ಎಷ್ಟು ಬಗೆಯ ಮರಗಳಿವೆ ಎಂಬುದು ಒಂದು ಲೆಕ್ಕವಾದರೆ, ಒಂದೊಂದು ಬಗೆಯಲ್ಲಿ ಎಷ್ಟು ಮರಗಳಿವೆ ಎಂಬುದು ಬೇರೆಯೇ ಲೆಕ್ಕ. 2000ದಲ್ಲಿ ಸಸ್ಯವಿಜ್ಞಾನಿಗಳು ಈ ಕಾನಿನ ಹೆಸರನ್ನೇ ಇಟ್ಟು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಲೋಕಕ್ಕೆ ಪರಿಚಯಿಸಿದ ಗೇರಿನ ಬಂಧುವೊಂದು ಇಲ್ಲಿದೆ. ಪಟ್ಟಿಯಲ್ಲಿ ಅದು ಒಂದು ಸಾಲನ್ನು ಆಕ್ರಮಿಸಿದೆ, ಕಾಡಿನಲ್ಲಾದರೋ ಅದರ ಬಲಿತ ಮರಗಳು ಕೈಯೆಣಿಕೆಗೆ ಸಿಗುವಷ್ಟೇ. ಅವುಗಳಲ್ಲಿಯೂ ಗಂಡುಮರ ಬೇರೆ, ಹೆಣ್ಣುಮರ ಬೇರೆ! ಆಸುಪಾಸಿನಲ್ಲಿ ಜೊತೆಯಿಲ್ಲದ ಹೆಣ್ಣುಮರ ಎಷ್ಟು ಹೂ ಬಿಟ್ಟರೇನು, ಸಂತಾನದ ಲೆಕ್ಕದಲ್ಲಿ ಅದು ಶೂನ್ಯ.

ರಾಮಪತ್ರೆಯ ಭಾಗ್ಯ ಅಷ್ಟು ಹೀನವಲ್ಲ. ಅದರ ಬೀಜವನ್ನು ಬಿಗಿದಪ್ಪಿದ ಕೆಂಪು ಪತ್ರೆಗೆ ಮನಸೋತ ಮಂಗಟ್ಟೆ ಹಕ್ಕಿ ಅದನ್ನು ಬೀಜಸಮೇತ ನುಂಗಿ, ದೂರ ಹಾರಿ, ಪತ್ರೆಯನ್ನು ಜೀರ್ಣಿಸಿಕೊಂಡು ಬೀಜವನ್ನು ಉಗುಳುತ್ತದೆ. ಹಕ್ಕಿ ಕಡಿಮೆಯಾದೆಡೆ ಬೀಜಗಳು ತಾಯಿಮರದ ಬುಡದಲ್ಲಿಯೇ ರಾಶಿಬಿದ್ದು, ಮೊಳೆತ ಸಸಿಗಳು ಒಂದನ್ನೊಂದು ಒತ್ತಿಕೊಂಡು ಸೊರಗುತ್ತವೆ.

ಇನ್ನು ಮನುಷ್ಯನ ಪಾತ್ರ. ಮರಕ್ಕೆ ಹಿತವಾದ ಈ ತಂಪುಕಣಿವೆ ಅಡಕೆಗೂ ಭತ್ತಕ್ಕೂ ಅಷ್ಟೇ ಹಿತ. ಎಷ್ಟೋ ಜಡ್ಡಿಗಳು ತೋಟವಾದವು, ಗದ್ದೆಯಾದವು. ಊಟಕ್ಕೆ ಕುಳಿತು, ಕೊನೆಗೆ ಅಡಕೆ ಮೆಲ್ಲುವ ನಾನು ಇದಕ್ಕಾಗಿ ಯಾರನ್ನು ದೂರಲಿ? ಉಳಿದುದಕ್ಕೆ ಆಸರೆಯಾಗಿ 2011ರಲ್ಲಿ ಸರ್ಕಾರ ಈ ಭಾಗದ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಸಾರಿತು.

ಆ ಕಡೆ ಹೋಗುವವರು ದಯಮಾಡಿ ಹಾದಿಯಲ್ಲಿಯೇ ನಿಂತು ನೋಡಿರಿ. ಮಂಡಿಬೇರುಗಳ ಸಂದಿನಲ್ಲಿ ಗೇಣುದ್ದದ ಸಸಿಗಳಿರುತ್ತವೆ.