ವ್ಯಸನಶಬ್ದಾರ್ಥವೂ ಊರಿನಲ್ಲಿಯೇ ನಡೆಯುವ ಚಿಕಿತ್ಸೆಯೂ

ಒಂದು ದೋಷಕ್ಕೆ ಜನರು ಇಡುವ ಹೆಸರು ಅದರ ಪರಿಹಾರಮಾರ್ಗವನ್ನೂ ಬಹುಮಟ್ಟಿಗೆ ನಿರ್ಣಯಿಸುತ್ತದೆ. ಮದ್ಯಾದಿಗಳಿಗೆ ವಶನಾದವನನ್ನು ಪಾಪಿಯೆಂದು ಕರೆದಲ್ಲಿ ಪ್ರಾಯಶ್ಚಿತ್ತವೂ, ಅಪರಾಧಿಯೆಂದು ಕರೆದಲ್ಲಿ ದಂಡವೂ, ರೋಗಿಯೆಂದು ಕರೆದಲ್ಲಿ ಚಿಕಿತ್ಸೆಯೂ ಪ್ರಾಪ್ತವಾಗುತ್ತವೆ. ಭಾರತದ ಪ್ರಾಚೀನಶಾಸ್ತ್ರಗಳಲ್ಲಿ ಈ ಮೂರು ದೃಷ್ಟಿಗಳೂ ಉಂಟು. ಅವುಗಳಲ್ಲಿ ವೈದ್ಯದೃಷ್ಟಿಯ ಸ್ವರೂಪವೇನು, ರೋಗಿಯನ್ನು ಮನೆಯಿಂದ ಅಗಲಿಸದೆ ಅವನ ಊರಿನಲ್ಲಿಯೇ ಚಿಕಿತ್ಸೆಮಾಡುವ ಇಂದಿನ ಕ್ರಮವು ಹೇಗೆ ನಡೆಯುತ್ತದೆ ಎಂಬೆರಡು ವಿಷಯಗಳನ್ನು ಇಲ್ಲಿ ವಿಚಾರಿಸಲಾಗಿದೆ.

‘ವ್ಯಸನ’ವೆಂಬ ಶಬ್ದವು ‘ವಿ’ ಎಂಬ ಉಪಸರ್ಗದೊಡನೆ ಕೂಡಿದ, ಎಸೆಯುವುದೆಂಬ ಅರ್ಥವುಳ್ಳ ‘ಅಸ್’ ಧಾತುವಿನಿಂದ ನಿಷ್ಪನ್ನವಾದುದು. ಪುರುಷನನ್ನು ಶ್ರೇಯಸ್ಸಿನಿಂದ ದೂರಮಾಡುವುದು ಯಾವುದೋ ಅದೇ ವ್ಯಸನವೆಂಬುದು ಕೌಟಿಲ್ಯನ ಅಭಿಪ್ರಾಯ. ಅರ್ಥಶಾಸ್ತ್ರದ ಎಂಟನೆಯ ಅಧಿಕರಣಕ್ಕೆ ವ್ಯಸನಾಧಿಕಾರಿಕವೆಂದೇ ಹೆಸರು. ಬೇಟೆ, ಜೂಜು, ಸ್ತ್ರೀ, ಪಾನ ಎಂಬ ನಾಲ್ಕು ಕಾಮಜದೋಷಗಳನ್ನು ಅಲ್ಲಿ ಹೇಳಿದೆ. ಬೆಂಕಿ, ನೆರೆ, ವ್ಯಾಧಿ, ದುರ್ಭಿಕ್ಷ, ಮಾರಿ ಮುಂತಾದ ದೈವಪೀಡೆಗಳ ವಿಚಾರವೂ ಅದೇ ಅಧಿಕರಣದಲ್ಲಿ ಬಂದಿದೆ. ಮನುಷ್ಯನು ತಾನಾಗಿ ಮಾಡುವ ತಪ್ಪನ್ನೂ ಮನುಷ್ಯನಿಗೆ ಬಂದೊದಗುವ ವಿಪತ್ತನ್ನೂ ಒಂದೇ ಶಬ್ದವು ಹೊತ್ತುಕೊಂಡಿದೆಯೆಂದು ಇದರಿಂದ ತಿಳಿಯುತ್ತದೆ. ಕನ್ನಡದಲ್ಲಿಯೂ ಹಾಗೆಯೇ. ‘ವ್ಯಸನಪಡು’ ಎಂದರೆ ದುಃಖಿಸು ಎಂದರ್ಥ. ‘ವ್ಯಸನಿ’ ಎಂದರೆ ಚಟಕ್ಕೆ ಬಿದ್ದವನು. ಧರ್ಮಶಾಸ್ತ್ರಕಾರರಾದರೋ ಸುರಾಪಾನವನ್ನು ಮಹಾಪಾತಕಗಳಲ್ಲಿ ಸೇರಿಸಿ, ತಪ್ಪೆಂಬ ಅರ್ಥಕ್ಕೇ ಪ್ರಾಧಾನ್ಯವನ್ನು ಕೊಟ್ಟರು.

ವೈದ್ಯರ ಮಾರ್ಗವು ಬೇರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯವು ಮದಾತ್ಯಯದ ಚಿಕಿತ್ಸೆಗೆ ಮೀಸಲಾಗಿದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಪಾನಾತ್ಯಯಪ್ರತಿಷೇಧವೆಂಬ ಅಧ್ಯಾಯವಿದೆ. ಚರಕನು ಮದ್ಯವನ್ನು ಸರ್ವಥಾ ನಿಷೇಧಿಸುವವನಲ್ಲ. ಮಾತ್ರೆ, ಕಾಲ, ಆಹಾರ, ಬಲಗಳನ್ನರಿತು ಸೇವಿಸಿದಲ್ಲಿ ಅದಕ್ಕೆ ಗುಣವನ್ನೂ ಹೇಳುತ್ತಾನೆ. ಆದಕಾರಣ ಇಂದಿನ ವೈದ್ಯಶಾಸ್ತ್ರದ ಸಿದ್ಧಾಂತಗಳೆಲ್ಲವೂ ಅಲ್ಲಿಯೇ ಇವೆಯೆಂದು ಸಾಧಿಸಹೊರಡುವುದು ಸಾಧುವಲ್ಲ. ಆದರೂ ಎರಡು ಅಂಶಗಳು ಗಮನಾರ್ಹವಾಗಿವೆ. ಸೂತ್ರಸ್ಥಾನದ ೭ನೆಯ ಅಧ್ಯಾಯದಲ್ಲಿ, ಅಭ್ಯಾಸವಾಗಿಹೋದ ಅಹಿತವನ್ನು ಒಮ್ಮೆಗೇ ಬಿಡದೆ, ನಡುವೆ ದಿನಗಳ ಅಂತರವನ್ನಿಟ್ಟುಕೊಂಡು, ಕಾಲುಕಾಲುಭಾಗವಾಗಿ ಬಿಡಬೇಕೆಂಬ ವಿಧಿಯಿದೆ. ಬಹುಕಾಲ ಸೇವಿಸಿದುದು ಅಹಿತವಾದರೂ ದೇಹಕ್ಕೆ ಒಗ್ಗಿಹೋಗುತ್ತದೆ. ಹಠಾತ್ತಾಗಿ ಬಿಟ್ಟರೆ ದೇಹವೇ ಕೆಡುತ್ತದೆ ಎಂಬುದು ಇದರ ಭಾವ. ಎರಡನೆಯದಾಗಿ, ಮದ್ಯವನ್ನು ಬಿಟ್ಟಿದ್ದವನು ಮತ್ತೆ ಒಮ್ಮೆಲೇ ಅತಿಯಾಗಿ ಕುಡಿದಾಗ ಹುಟ್ಟುವ ಧ್ವಂಸಕ, ವಿಕ್ಷಯ ಎಂಬ ಎರಡು ರೋಗಗಳನ್ನು ಮದಾತ್ಯಯಾಧ್ಯಾಯವು ಹೆಸರಿಸಿ, ಲಕ್ಷಣವನ್ನು ಹೇಳಿ, ಚಿಕಿತ್ಸೆಯನ್ನೂ ವಿಧಿಸುತ್ತದೆ. ಮಾತಿಗೆ ತಪ್ಪಿದವನೆಂದು ವೈದ್ಯನು ಅವನನ್ನು ಹೊರದೂಡಲಿಲ್ಲ. ಮತ್ತೊಮ್ಮೆ ರೋಗಿಯೆಂದೇ ಸ್ವೀಕರಿಸಿದನು.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. ಕೇಂದ್ರಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಯಿಸಿದ ಗಣನೆಯು ೨೦೧೯ರಲ್ಲಿ ಪ್ರಕಟವಾಯಿತು. ಅದರಂತೆ ೧೦ರಿಂದ ೭೫ ವರ್ಷಗಳವರೆಗಿನ ಜನರಲ್ಲಿ ನೂರಕ್ಕೆ ೧೪.೬ ಮಂದಿ, ಅಂದರೆ ಸುಮಾರು ೧೬ ಕೋಟಿ ಜನರು, ಮದ್ಯವನ್ನು ಸೇವಿಸುತ್ತಿದ್ದರು, ನೂರಕ್ಕೆ ೨.೭ ಮಂದಿ ಅದಕ್ಕೆ ಪೂರ್ಣವಾಗಿ ಅಧೀನರಾಗಿದ್ದರು. ಹೀಗೆ ಅಧೀನರಾದ ೩೮ ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದ್ದಿತು. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವನು ೧೮೦ ಮಂದಿಯಲ್ಲಿ ಒಬ್ಬನು. ದೂರದ ಪಟ್ಟಣದಲ್ಲಿ ಹಲವು ವಾರ ಉಳಿದುಕೊಳ್ಳುವವನು ಅಷ್ಟು ದಿನದ ಕೂಲಿಯನ್ನು ಕಳೆದುಕೊಳ್ಳಬೇಕು. ಅವನು ಹೋದುದೆಲ್ಲಿಗೆಂದು ಊರಿಗೂ ತಿಳಿಯುತ್ತದೆ. ಚಿಕಿತ್ಸೆಯು ಮುಗಿದಮೇಲೆ ಅವನು ಹಿಂದಿರುಗುವುದು ಅದೇ ಬೀದಿಗೆ, ಅದೇ ಗೆಳೆಯರ ನಡುವಿಗೆ. ಬಿಡುವ ಅಭ್ಯಾಸವನ್ನು ಆ ಬೀದಿಯಲ್ಲಿಯೇ ಮಾಡಿಸುವುದು ಊರಿನ ಚಿಕಿತ್ಸೆಯ ಮುಖ್ಯಯುಕ್ತಿ.

ಅದರ ಕ್ರಮವು ಹೀಗಿರುತ್ತದೆ. ರೋಗಿಯು ಜ್ವರಕ್ಕೋ ಹೊಟ್ಟೆನೋವಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಾಗ, ವಿಶ್ವ ಆರೋಗ್ಯ ಸಂಸ್ಥೆಯು ಸಿದ್ಧಪಡಿಸಿದ ಹತ್ತು ಪ್ರಶ್ನೆಗಳಿಂದ ಅವನ ಕುಡಿತದ ಮಟ್ಟವನ್ನು ಅಳೆಯುತ್ತಾರೆ. ಹತ್ತಕ್ಕೂ ಸೇರಿ ಗರಿಷ್ಠ ಅಂಕಗಳು ೪೦. ದೇಹವು ಮದ್ಯಕ್ಕೆ ಅಧೀನವಾಗಿರುವವನು ಕುಡಿತವನ್ನು ನಿಲ್ಲಿಸಿದರೆ ಮೊದಲ ಕೆಲವು ದಿನ ನಡುಕ, ಬೆವರು, ನಿದ್ರಾನಾಶಗಳು ತೋರುತ್ತವೆ. ಇವು ಸೌಮ್ಯವಾಗಿದ್ದು, ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ, ವೈದ್ಯನು ಶಮನಕಾರಿ ಔಷಧವನ್ನು ಕೊಟ್ಟು ಅದನ್ನು ದಿನದಿನಕ್ಕೆ ಇಳಿಸುತ್ತಾ ಬರುತ್ತಾನೆ. ಜೊತೆಗೆ ಥಯಾಮಿನ್ ಎಂಬ ಜೀವಸತ್ವವನ್ನು ಕೊಡುತ್ತಾನೆ. ಇಲ್ಲಿ ಕಾಲುಭಾಗದ ವಿಧಿಯ ನೆನಪಾಗುವುದು ಸಹಜ. ಆದರೆ ಇಂದು ಕ್ರಮವಾಗಿ ಇಳಿಸುವುದು ಮದ್ಯವನ್ನಲ್ಲ, ಔಷಧವನ್ನು. ಅಪಸ್ಮಾರದಂತಹ ಸೆಳೆತ, ಚಿತ್ತಭ್ರಮೆ, ಹಿಂದೆ ಇಂತಹ ಅಪಾಯವಾದ ಚರಿತ್ರೆ, ತೀವ್ರವಾದ ಬೇರೆ ರೋಗ, ಆತ್ಮಹತ್ಯೆಯ ಯೋಚನೆ, ಇವುಗಳಲ್ಲೊಂದಿದ್ದರೂ ಒಳರೋಗಿಯಾಗಿಯೇ ಚಿಕಿತ್ಸೆಮಾಡಬೇಕು. ಬಹುಕಾಲದ ಕುಡಿತವನ್ನು ವೈದ್ಯನನ್ನು ಕೇಳದೆ ಹಠಾತ್ತಾಗಿ ನಿಲ್ಲಿಸುವುದು ಪ್ರಾಣಾಪಾಯಕ್ಕೂ ಕಾರಣವಾಗಬಹುದು.

ದೇಹವು ಶಾಂತವಾದಮಾತ್ರಕ್ಕೆ ಚಿಕಿತ್ಸೆ ಮುಗಿಯಲಿಲ್ಲ. ಮನಸ್ಸಿಗೆ ಮಾಡಬೇಕಾದುದನ್ನು ಮಾಡಲು ತಜ್ಞರು ಎಲ್ಲೆಡೆಯೂ ಇಲ್ಲ. ಸಾಮಾನ್ಯ ವೈದ್ಯರನ್ನೂ ಆರೋಗ್ಯ ಕಾರ್ಯಕರ್ತರನ್ನೂ ತರಬೇತುಗೊಳಿಸಿ ಮಾನಸಿಕರೋಗಗಳ ಚಿಕಿತ್ಸೆಯನ್ನು ಹಳ್ಳಿಗಳಿಗೆ ಒಯ್ಯಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿದ್ದಿತು. ಕುಡಿತದ ವಿಷಯದಲ್ಲಿ ಗೋವೆಯಲ್ಲಿ ಸಂಗಾತ್ ಎಂಬ ಸಂಸ್ಥೆಯು ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ೨೦೧೩ರಿಂದ ೨೦೧೫ರವರೆಗೆ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮೇಲೆ ಹೇಳಿದ ಪ್ರಶ್ನೆಗಳಲ್ಲಿ ೧೨ರಿಂದ ೧೯ ಅಂಕ ಬಂದ ೩೭೭ ಪುರುಷರನ್ನು ಆರಿಸಿ, ಎರಡು ಗುಂಪುಮಾಡಲಾಯಿತು. ಒಂದು ಗುಂಪಿಗೆ ಕೇಂದ್ರದ ವೈದ್ಯರ ಉಪಚಾರ ಮಾತ್ರ. ಇನ್ನೊಂದಕ್ಕೆ ಅದರೊಡನೆ ಆಪ್ತಸಲಹೆಯೂ ಸೇರಿದ್ದಿತು. ಸಲಹೆ ಕೊಟ್ಟವರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರಲ್ಲ. ತರಬೇತಿ ಪಡೆದ ಸಾಮಾನ್ಯರು. ಭೇಟಿಗಳು ಹೆಚ್ಚೆಂದರೆ ನಾಲ್ಕು. ಒಂದೊಂದೂ ಅರ್ಧಗಂಟೆಗೆ ತುಸು ಮೇಲ್ಪಟ್ಟುದು. ಮೊದಲು ರೋಗಿಯ ಸ್ಥಿತಿಯನ್ನು ಅವನಿಗೇ ತಿಳಿಯಹೇಳಿ, ಬಿಡುವ ಸಂಕಲ್ಪವನ್ನು ಅವನ ಬಾಯಿಂದಲೇ ಹೊರಡಿಸುವುದು. ಅನಂತರ, ಕುಡಿಯಲು ಕರೆಯುವ ಗೆಳೆಯನಿಗೆ ಒಲ್ಲೆನೆನ್ನುವ ಬಗೆಯನ್ನೂ, ಕೋಪ ಬೇಸರಗಳನ್ನು ತಡೆದುಕೊಳ್ಳುವ ಬಗೆಯನ್ನೂ ಕಲಿಸುವುದು. ಕೊನೆಗೆ, ಮತ್ತೆ ಜಾರಿದರೆ ಎದ್ದು ನಿಲ್ಲುವ ಉಪಾಯವನ್ನು ಹೇಳಿಕೊಡುವುದು. ಮೂರು ತಿಂಗಳ ಬಳಿಕ ನೋಡಿದಾಗ, ಹಾನಿಕರವಾದ ಕುಡಿತದಿಂದ ಹೊರಬಂದವರು ಸಲಹೆಯ ಗುಂಪಿನಲ್ಲಿ ನೂರಕ್ಕೆ ೩೬, ಮತ್ತೊಂದರಲ್ಲಿ ೨೬. ವರ್ಷದ ಕೊನೆಗೆ ಕ್ರಮವಾಗಿ ೫೪ ಮತ್ತು ೩೨. ಈ ಫಲಗಳು ೨೦೧೭ರಲ್ಲಿ ಪ್ರಕಟವಾದವು.

ಈ ಪ್ರಯೋಗದ ಮಿತಿಗಳನ್ನೂ ಹೇಳಬೇಕು. ಇದು ಪುರುಷರಲ್ಲಿ ಮಾತ್ರ ನಡೆಯಿತು. ಇದರಲ್ಲಿ ಇದ್ದವರು ಅತಿ ತೀವ್ರವಾಗಿ ಅಧೀನರಾದವರಲ್ಲ. ಮೂರು ತಿಂಗಳ ಪರೀಕ್ಷೆಯಲ್ಲಿ, ಕುಡಿಯುತ್ತಲೇ ಇದ್ದವರ ದಿನದ ಪ್ರಮಾಣದಲ್ಲಾಗಲಿ, ಹೆಂಡತಿಯ ಮೇಲಿನ ಹಿಂಸೆಯಲ್ಲಾಗಲಿ ಎರಡು ಗುಂಪುಗಳಿಗೂ ಭೇದವು ಕಾಣಲಿಲ್ಲ. ಕುಡಿತವನ್ನು ಬಿಡಿಸಿದರೆ ಸಂಸಾರದ ಕಷ್ಟಗಳೆಲ್ಲವೂ ತಾವಾಗಿಯೇ ನೀಗುವುವೆಂದು ನಂಬುವಂತಿಲ್ಲ. ಮನೆಯವರ ರಕ್ಷಣೆಯನ್ನು ಬೇರೆಯಾಗಿಯೇ ಯೋಚಿಸಬೇಕು.

ಅಫೀಮಿನ ಜಾತಿಯ ಮಾದಕಗಳಲ್ಲಿ ಚಿಕಿತ್ಸೆಯ ರೂಪವು ಬೇರೆ. ಪಂಜಾಬ ರಾಜ್ಯದಲ್ಲಿ ೨೦೧೭ರಲ್ಲಿ ಆರಂಭವಾದ ಹೊರರೋಗಿ ಕೇಂದ್ರಗಳಲ್ಲಿ ಬ್ಯುಪ್ರೆನಾರ್ಫಿನ್ ಸೇರಿದ ಮಾತ್ರೆಯನ್ನು ಕೊಡುವ ಏರ್ಪಾಡಾಯಿತು. ಇದು ಒಂದು ವ್ಯಸನದ ಸ್ಥಾನದಲ್ಲಿ ಮತ್ತೊಂದನ್ನು ನಿಲ್ಲಿಸುವುದಲ್ಲವೇ ಎಂಬ ಆಕ್ಷೇಪವುಂಟು. ಮಾತ್ರೆಯು ವೈದ್ಯನ ಅಳತೆಗೆ ಒಳಪಟ್ಟುದು. ಅದರ ಬಲದಿಂದ ರೋಗಿಯು ಸೂಜಿಯನ್ನೂ ಕಳ್ಳಮಾರಾಟಗಾರನನ್ನೂ ಬಿಟ್ಟು ಕೆಲಸಕ್ಕೆ ಹೋಗಬಲ್ಲನು. ವ್ಯಸನವು ಶ್ರೇಯಸ್ಸಿನಿಂದ ದೂರಮಾಡುವಂತಹುದೆಂಬ ಲಕ್ಷಣವನ್ನು ಒಪ್ಪಿದಲ್ಲಿ, ಶ್ರೇಯಸ್ಸಿನ ಕಡೆಗೆ ಮರಳಿಸುವ ಔಷಧಕ್ಕೆ ಆ ಹೆಸರು ಸಲ್ಲದು.

ಈ ವಿಚಾರದಲ್ಲಿ ಸಾಹಿತ್ಯವನ್ನು ಬೋಧಿಸುವವರಿಗೂ ಭಾಗವಿದೆ. ‘ಕುಡುಕ’ನೆಂಬ ಮಾತು ಮನುಷ್ಯನ ಸಮಸ್ತ ಸ್ವರೂಪವನ್ನೂ ಒಂದು ಕ್ರಿಯೆಯಲ್ಲಿ ಅಡಗಿಸಿಬಿಡುತ್ತದೆ. ಜಿ. ಪಿ. ರಾಜರತ್ನಂ ಅವರು ತಮ್ಮ ಪದಗಳಲ್ಲಿ ರತ್ನನೆಂಬ ಹೆಂಡಗುಡುಕನಿಗೆ ಅವನ ಮಾತಿನಲ್ಲಿಯೇ ಹಾಡುವ ಬಾಯನ್ನು ಕೊಟ್ಟರು. ಆ ಪದಗಳನ್ನೋದಿದವನಿಗೆ ರತ್ನನು ಬರಿಯ ಕುಡುಕನಾಗಿ ಉಳಿಯುವುದಿಲ್ಲ. ೩೮ ಮಂದಿಯಲ್ಲಿ ೩೭ ಮಂದಿ ಆಸ್ಪತ್ರೆಯ ಬಾಗಿಲಿಗೆ ಬಾರದಿರುವುದಕ್ಕೆ ದೂರ, ದಾರಿದ್ರ್ಯಗಳೊಡನೆ ನಾಚಿಕೆಯೂ ಒಂದು ಕಾರಣವಾಗಿದೆ. ಆ ನಾಚಿಕೆಯನ್ನು ಬೆಳೆಯಿಸುವುದೂ ಭಾಷೆಯೇ, ಕಳೆಯಬಲ್ಲುದೂ ಭಾಷೆಯೇ. ವ್ಯಸನಶಬ್ದವನ್ನು ಪಾಠಹೇಳುವಾಗ ದೋಷವೆಂಬ ಒಂದೇ ಅರ್ಥಕ್ಕೆ ನಿಲ್ಲದೆ, ವಿಪತ್ತೆಂಬ ಅರ್ಥವನ್ನೂ, ದುಃಖವೆಂಬ ಅರ್ಥವನ್ನೂ ಜೊತೆಯಲ್ಲಿಯೇ ಬೋಧಿಸುವುದು ಯುಕ್ತವಾಗಿದೆ.