ಹೊಸ ಟೈರು ಮುಂದಕ್ಕೋ, ಹಿಂದಕ್ಕೋ?

ಕಳೆದ ಆಟಿ ತಿಂಗಳಲ್ಲಿ ಧರ್ಮಸ್ಥಳದಿಂದ ಕಾಸರಗೋಡಿಗೆ ಮರಳುವಾಗ, ಪೆರ್ಲ ದಾಟಿದ ಮೇಲಿನ ತಿರುವೊಂದರಲ್ಲಿ ನಮ್ಮ ಸ್ವಿಫ್ಟ್ ಕಾರಿನ ಹಿಂಭಾಗ ಜಾರಿ ಅಡ್ಡ ತಿರುಗಿತು. ಮಣ್ಣಿನ ದಿಣ್ಣೆಗೆ ಒರಗಿ ನಿಂತದ್ದರಿಂದ ಮಕ್ಕಳ ಸಹಿತ ಎಲ್ಲರೂ ಉಳಿದೆವು. ಮುಂದಿನೆರಡು ಟೈರು ಆಗಷ್ಟೇ ಹಾಕಿಸಿದ ಹೊಸವು!

ಎಂಜಿನ್ ಮುಂದಿದೆ, ಹೊಸ ಟೈರೂ ಮುಂದಿರಲಿ ಎಂದು ಅಂಗಡಿಯಲ್ಲಿ ಹೇಳಿದ್ದರು, ನಾವೂ ನಂಬಿದ್ದೆವು. ಆದರೆ ನೀರು ನಿಂತ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ವೇಗ ತಗ್ಗಿಸಿ ಸಾವರಿಸಿಕೊಳ್ಳಬಹುದು. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ, ಸ್ಟೇರಿಂಗಿಗೆ ಬಗ್ಗದು. ಎರಡೇ ಕೊಳ್ಳುವುದಾದರೆ ಹೊಸ ಜೋಡಿ ಹಿಂದಕ್ಕೆ ಹೋಗಬೇಕು. ಕಾನೂನಿನಂತೆ ಟೈರಿನ ಗೀರು 1.6 ಮಿ.ಮೀ. ಆಳ ಉಳಿದಿದ್ದರೆ ಸಾಕು. ನಮ್ಮ ಮಳೆಗೆ 3 ಮಿ.ಮೀ.ಗೇ ಬದಲಿಸುವುದು ಕ್ಷೇಮ.

ಈ ವರ್ಷ ನಾಲ್ಕನ್ನೂ ಬದಲಿಸಿದೆವು. ಕಂಪೆನಿ ಕೊಟ್ಟ 165/80 ಆರ್ 14 ಬಿಟ್ಟು 185/70 ಆರ್ 14 ಆರಿಸಿದೆವು. ಅಗಲ 20 ಮಿ.ಮೀ. ಹೆಚ್ಚು, ಎತ್ತರದಲ್ಲಿ ಸುಮಾರು 5 ಮಿ.ಮೀ. ಮಾತ್ರ ಕಡಿಮೆ. ಆದ್ದರಿಂದ ವೇಗದ ಮುಳ್ಳು ಹೆಚ್ಚು ತಪ್ಪುವುದಿಲ್ಲ. ತಿರುವಿನಲ್ಲಿ ಕಾರು ಓಲಾಡುವುದು ಕಡಿಮೆಯಾಗಿದೆ; ಮೈಲೇಜು ತುಸು ಇಳಿದದ್ದೂ ನಿಜ. ಇದಕ್ಕಿಂತ ಅಗಲದ್ದಕ್ಕೆ ಆಸೆಪಡಬೇಡಿ, ನೀರಿನ ಮೇಲೆ ಬೇಗ ತೇಲುತ್ತದೆ.

ಅಂಗಡಿಯ ಸರಕಿನ ತಾರೀಖು ನೋಡುವ ನಾವು ಟೈರಿನದನ್ನು ನೋಡುವುದೇ ಇಲ್ಲ. ಪಕ್ಕದಲ್ಲಿ 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ದುಡ್ಡು ಎಣಿಸುವ ಮೊದಲೇ ಬಗ್ಗಿ ಓದಿಕೊಳ್ಳಿ.