ತಡ ಮಾಡಿದ್ದು ಸರ್ವರೋ, ಟೈಮರೋ?

ಪರೀಕ್ಷಾ ಫಲಿತಾಂಶದ ದಿನ ಲಕ್ಷಾಂತರ ಮಂದಿ ಒಂದೇ ಜಾಲತಾಣಕ್ಕೆ ಮುಗಿಬಿದ್ದರೆ ಅದು ತಾಳೀತೇ ಎಂದು ಮೊದಲೇ ತಿಳಿಯಲು ಲೋಡ್ ಟೆಸ್ಟಿಂಗ್ ಮಾಡುತ್ತಾರೆ. ಅಪಾಚೆ ಜೆಮೀಟರ್‌ನಂಥ ತಂತ್ರಾಂಶ ಸಾವಿರಾರು ಕೃತಕ ಬಳಕೆದಾರರನ್ನು ಸೃಷ್ಟಿಸುತ್ತದೆ. ಜನ ಪುಟ ಓದಿ ಮುಂದಿನ ಗುಂಡಿ ಒತ್ತುವ ಮುನ್ನ ತೆಗೆದುಕೊಳ್ಳುವ ಬಿಡುವನ್ನು ಅದರ ಟೈಮರ್ ಅನುಕರಿಸುತ್ತದೆ. ಎರಡು ಸೆಕೆಂಡ್ ಬಿಡುವು ಕೊಟ್ಟಲ್ಲಿ ಐದು ಸೆಕೆಂಡ್ ಕಂಡರೆ ಸರ್ವರನ್ನು ದೂರುವವರೇ ಹೆಚ್ಚು. ಆದರೆ ತಪಾಸಣೆ ಶುರುವಾಗಬೇಕಾದದ್ದು ಅಳೆಯುವ ಯಂತ್ರದಿಂದಲೇ.

ಮೊದಲು ಸ್ಕ್ರಿಪ್ಟ್ ನೋಡಬೇಕು. ಜೆಮೀಟರ್‌ನಲ್ಲಿ ಟೈಮರ್ ತನ್ನ ವ್ಯಾಪ್ತಿಯ ಪ್ರತಿಯೊಂದು ವಿನಂತಿಗೂ ಮುಂಚೆ ಕೆಲಸ ಮಾಡುತ್ತದೆ. ಒಂದೇ ವ್ಯಾಪ್ತಿಯಲ್ಲಿ 2 ಸೆಕೆಂಡ್ ಮತ್ತು 3 ಸೆಕೆಂಡ್‌ಗಳ ಎರಡು ಟೈಮರ್ ಇದ್ದರೆ ಬಿಡುವು 5 ಸೆಕೆಂಡ್ ಆಗುತ್ತದೆ. ಟೈಮರನ್ನು ಎರಡು ವಿನಂತಿಗಳ ನಡುವೆ ಇಟ್ಟ ಮಾತ್ರಕ್ಕೆ ಅದು ಅಲ್ಲಿಗಷ್ಟೇ ಸೀಮಿತವಾಗುವುದಿಲ್ಲ. ಆಮೇಲೆ ಆಪರೇಟಿಂಗ್ ಸಿಸ್ಟಂ. ವಿಂಡೋಸ್‌ನ ಗಡಿಯಾರ ಸಾಮಾನ್ಯವಾಗಿ ಸೆಕೆಂಡಿಗೆ 64 ಸಲ, ಅಂದರೆ ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಹಾಗಾಗಿ ಒಬ್ಬೊಬ್ಬ ಕೃತಕ ಬಳಕೆದಾರನನ್ನು ನಡೆಸುವ ಥ್ರೆಡ್ ಒಂದು ಮಿಲಿಸೆಕೆಂಡ್ ನಿದ್ದೆ ಕೇಳಿದರೂ ಹದಿನೈದರ ಬಳಿಕ ಏಳಬಹುದು. ಸಿಪಿಯು ತುಂಬಿದ್ದರೆ ನಿದ್ದೆ ಮುಗಿದ ಥ್ರೆಡ್‌ಗಳು ಸರದಿಯಲ್ಲಿ ಕಾಯಬೇಕು. ಜೆಮೀಟರ್ ಓಡುವ ಜಾವಾದ ಗಾರ್ಬೇಜ್ ಕಲೆಕ್ಷನ್, ಅಂದರೆ ಮೆಮೊರಿ ತೆರವು, ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಲೂಬಹುದು.

ಹದಿನೈದು ಮಿಲಿಸೆಕೆಂಡ್ ಯಾವ ಲೆಕ್ಕ ಎಂದು ಕೇಳಬಹುದು. ಐದು ಸೆಕೆಂಡಿನ ಬಿಡುವಿನಲ್ಲಿ ಅದು ನಗಣ್ಯ, ನಿಜ. ಆದರೆ ಹತ್ತು ಮಿಲಿಸೆಕೆಂಡಿನ ಬಿಡುವಿನಲ್ಲಿ ಲೆಕ್ಕವೇ ಬುಡಮೇಲಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಸೆಕೆಂಡಿಗೊಂದು ವಿನಂತಿ ಹೋಗಬೇಕಾದಾಗ ಸರ್ವರ್ ಹತ್ತು ಸೆಕೆಂಡ್ ಸ್ತಬ್ಧವಾಯಿತೆನ್ನಿ. ಉತ್ತರ ಬರುವವರೆಗೆ ಮುಂದಿನ ವಿನಂತಿ ಕಳಿಸದ ಸ್ಕ್ರಿಪ್ಟ್ ಒಂದೇ ಒಂದು ವಿಳಂಬವನ್ನು ದಾಖಲಿಸುತ್ತದೆ. ಅಷ್ಟರಲ್ಲಿ ಬಂದು ಕಾಯುತ್ತಿದ್ದ ಉಳಿದವರು ವರದಿಯಲ್ಲಿ ಇರುವುದೇ ಇಲ್ಲ. ಗಿಲ್ ಟೆನೆ ಎಂಬ ತಂತ್ರಜ್ಞ ಇದನ್ನು ‘ಕೋಆರ್ಡಿನೇಟೆಡ್ ಒಮಿಷನ್’ ಎಂದು ಕರೆದರು. ಇನ್ನು ತಡವಾಗಿ ಏಳುವ ತೊಂದರೆಗೆ, ನಿದ್ದೆಯ ಬದಲು ಥ್ರೆಡ್‌ಗಳು ಗಡಿಯಾರವನ್ನೇ ನೋಡುತ್ತ ಸುತ್ತುತ್ತಿರಲಿ ಎನ್ನುವವರಿದ್ದಾರೆ. ಹಾಗೆ ಸುತ್ತುವ ಪ್ರತಿ ಥ್ರೆಡ್ಡೂ ಸಿಪಿಯು ಕಬಳಿಸಿ ಉಳಿದವುಗಳನ್ನು ಇನ್ನಷ್ಟು ತಡಮಾಡುತ್ತದೆ.

ಪರಿಹಾರ ಕಷ್ಟದ್ದೇನಲ್ಲ. ಒಬ್ಬನೇ ಬಳಕೆದಾರನೊಂದಿಗೆ ಸ್ಕ್ರಿಪ್ಟ್ ಓಡಿಸಿ, ಲಾಗ್‌ನಲ್ಲಿ ಒಂದು ಉತ್ತರಕ್ಕೂ ಮುಂದಿನ ವಿನಂತಿಗೂ ನಡುವಿನ ನಿಜವಾದ ಅಂತರ ನೋಡಬೇಕು. ಅಲ್ಲೇ ತಪ್ಪಿದ್ದರೆ ದೋಷ ಬಹುಪಾಲು ಸ್ಕ್ರಿಪ್ಟಿನದು. ಬಳಕೆದಾರರು ಹೆಚ್ಚಿದಾಗ ಮಾತ್ರ ತಪ್ಪಿದರೆ ಯಂತ್ರದ್ದು. ಆಗ ಜೆಮೀಟರನ್ನು ಕಮಾಂಡ್ ಲೈನ್‌ನಿಂದ ಓಡಿಸಿ, ಭಾರವನ್ನು ಹಲವು ಯಂತ್ರಗಳಿಗೆ ಹಂಚಬೇಕು. ವಿನಂತಿಗಳನ್ನು ಹಿಂದಿನ ಉತ್ತರಕ್ಕೆ ಕಟ್ಟಿಹಾಕದೆ, ಮೊದಲೇ ಗೊತ್ತುಮಾಡಿದ ವೇಳೆಗೆ ಕಳಿಸಬೇಕು. ಸುಳ್ಳು ಬಿಡುವುಗಳ ಪರೀಕ್ಷೆಯಲ್ಲಿ ಪಾಸಾದ ಜಾಲತಾಣ ಕೈಕೊಟ್ಟಾಗ ನಷ್ಟ ಅನುಭವಿಸುವವರು ಪರದೆಯ ಮುಂದೆ ಕಾದು ಕೂತ ಜನ. ಆದ್ದರಿಂದ ಟೈಮರ್ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಯಾವ ವರದಿಗೂ ಸಹಿ ಬೀಳಬಾರದು.